ಲುದಿವೀನಳ ಏಳು ವಾರ

ಇಪ್ಪತ್ತೆಂಟು ವರ್ಷ ನಾನು ಲುದಿವೀನ್ ತೆರಿಯೋಳ ಬಲಗಡೆಯ ಬೆಂಚಿನಲ್ಲಿ ಕೂತು ಶೂ ಹೊಲಿದವಳು. ಅವಳ ಮೊಣಕೈ ನನ್ನ ಪಕ್ಕೆಗೆ ಎಷ್ಟು ಸಲ ತಿವಿದಿದೆಯೋ ಆ ದೇವರಿಗೇ ಗೊತ್ತು. ಕೈಹೊಲಿಗೆಯ ಶೂ ಅಂದರೆ ಹಾಗೆ. ಪಾದದ ಆಕಾರದ ಅಚ್ಚಿನ ಮೇಲೆ ತೊಗಲು ಬಿಗಿದು, ದಬ್ಬಣದಲ್ಲಿ ತೂತು ಮಾಡಿ, ಒಂದೇ ತೂತಿಗೆ ಎರಡು ಸೂಜಿ ಎದುರುಬದುರು ತೂರಿಸಿ, ಎರಡೂ ಕೈ ಅಗಲಿಸಿ ಎಳೀಬೇಕು. ಎಳೆಯೋ ರಭಸಕ್ಕೆ ಪಕ್ಕದವಳಿಗೆ ಏಟು ಬಿದ್ದೇ ಬೀಳುತ್ತೆ.

"ಸ್ವಲ್ಪ ಆ ಕಡೆ ಜರುಗೆ, ಒಡೆಟ್. ಅರ್ಧ ಫ್ಯಾಕ್ಟರಿ ನಿನ್ನ ಸೊಂಟವೇ ತಿಂದಿದೆ" ಅನ್ನೋಳು.

"ಇನ್ನರ್ಧ ನಿನ್ನ ಬಾಯಿ ತಿಂದಿದೆಯಲ್ಲ" ಅಂತಿದ್ದೆ ನಾನು. ಒಡೆಟ್ ಅಂದರೆ ನಾನೇ. ಇಬ್ಬರೂ ಫ್ರೆಂಚಿನಲ್ಲೇ ಬೈದಾಡಿಕೊಳ್ತಿದ್ದೆವು. ಅಮೆರಿಕದ ಮೇನ್ ರಾಜ್ಯದ ನಮ್ಮ ನದೀತೀರದ ಊರಿನಲ್ಲಿ ಇಂಗ್ಲಿಷ್ ಇರೋದು ಬ್ಯಾಂಕಿಗೆ, ಕೋರ್ಟಿಗೆ. ನಮ್ಮಜ್ಜಂದಿರು ಕೆನಡಾದ ಕ್ವಿಬೆಕ್‌ನಿಂದ ರೈಲು ಹತ್ತಿ ಬಂದು ಇಳಿದಾಗ ತಂದದ್ದು ಎರಡೇ, ಮಾತು ಮತ್ತು ಕೆಲಸ ಮಾಡೋ ಕೈ.

ಲುದಿವೀನ್ ಒಂಬತ್ತು ಮಕ್ಕಳಲ್ಲಿ ಏಳನೆಯವಳು. ಹದಿನಾರು ತುಂಬಿದ ವಾರವೇ ಶಾಲೆ ಬಿಡಿಸಿ ಅವರಮ್ಮ ಫ್ಯಾಕ್ಟರಿಗೆ ಕರಕೊಂಡು ಬಂದು ಬೆಂಚಿನ ಮೇಲೆ ಕೂರಿಸಿದಳು. ಇಪ್ಪತ್ತಕ್ಕೆ ಮದುವೆ. ಗಂಡ ರೆನಾಲ್ಡ್ ಕಾಗದದ ಮಿಲ್ಲಿನಲ್ಲಿದ್ದ. ಒಳ್ಳೆ ಮನುಷ್ಯ, ನಲವತ್ತೊಂಬತ್ತಕ್ಕೇ ಎದೆ ಹಿಡಕೊಂಡು ಕುಸಿದು ಹೋಗಿಬಿಟ್ಟ.

ಅವನು ಹೋದ ಆ ಚಳಿಗಾಲದಲ್ಲೇ ಅವಳ ಮನೆ ಬಿಸಿ ಮಾಡೋ ಎಣ್ಣೆಯ ಯಂತ್ರವೂ ನಿಂತುಹೋಯಿತು. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗೆ. ರಿಪೇರಿಯವನು ಎರಡು ದಿನ ಬಿಟ್ಟು ಬಂದ, ಹತ್ತು ನಿಮಿಷ ಕೈಯಾಡಿಸಿದ, ಯಂತ್ರ ಗುರ್ ಅಂತು. ಲುದಿವೀನ್ ಅವನ ಭುಜದ ಮೇಲಿಂದ ಬಗ್ಗಿ ನೋಡುತ್ತಾ ಇದ್ದವಳು, "ಇಷ್ಟೇನಾ?" ಅಂದಳಂತೆ. ಆಮೇಲಿಂದ ಅವಳ ಯಂತ್ರ ಅವಳೇ ಬಿಚ್ಚಿ ಕಟ್ಟೋಳು. ನಮ್ಮ ಬೀದಿಯ ಅರ್ಧ ಮನೆಗಳ ನೆಲಮಾಳಿಗೆಯಲ್ಲಿ ಅವಳ ಕೈಯ ಮಸಿ ಇತ್ತು.

ಎರಡು ಸಾವಿರದ ಮೂರನೇ ಇಸವಿ ಬೇಸಿಗೆಯಲ್ಲಿ ಫ್ಯಾಕ್ಟರಿಗೆ ಆರು ಜನ ಹೆಂಗಸರನ್ನ ಕರಕೊಂಡು ಬಂದರು. ಕೆರಿಬಿಯನ್ ಕಡೆಯ ಒಂದು ದ್ವೀಪದವರು. ನೋಡಿ ಹೋಗೋಕೆ ಬಂದಿದ್ದಾರೆ, ಕೆಲಸ ಕಲಿಸಿ ಅಂದರು. ಯಾಕೆ ಅಂತ ನಮಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ನಾನು ದಬ್ಬಣ ಕೂಡ ಮುಟ್ಟಿಸಲಿಲ್ಲ, ಮುಖ ಗಂಟಿಕ್ಕಿಕೊಂಡು ಕೂತೆ. ಲುದಿವೀನ್ ಮಾತ್ರ ಅವರ ಬೆರಳಿಗೆ ಟೇಪು ಸುತ್ತೋದರಿಂದ ಹಿಡಿದು ಎಲ್ಲಾ ಹೇಳಿಕೊಟ್ಟಳು.

"ನಿನ್ನ ಅನ್ನಕ್ಕೆ ನೀನೇ ಮಣ್ಣು ಹಾಕಿಕೊಳ್ತಿದ್ದೀಯಲ್ಲೇ" ಅಂದೆ.

"ಮಣ್ಣು ಹಾಕೋ ತೀರ್ಮಾನ ಮೇಲೆ ಆಗಿಹೋಗಿದೆ ಕಣೆ. ಇವರೂ ಹೊಟ್ಟೆಪಾಡಿಗೆ ಬಂದೋರು. ಕೆಟ್ಟದಾಗಿ ಹೊಲಿಯೋದು ಕಲಿತರೆ ಬೈಸಿಕೊಳ್ಳೋರು ಇವರು ತಾನೇ?"

ಅಕ್ಟೋಬರಿನಲ್ಲಿ ಬಾಗಿಲು ಹಾಕಿದರು. ಅಚ್ಚುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಹಡಗಿಗೆ ಕಳಿಸಿದರು. ನೂರಾ ಹನ್ನೊಂದು ಜನ ಮನೆಗೆ ಹೋದೆವು.

ಹೀಗೆ ಕೆಲಸ ಹೊರದೇಶಕ್ಕೆ ಹೋಗಿ ಬೀದಿಗೆ ಬಿದ್ದವರಿಗೆ ಅಂತಲೇ ಸರ್ಕಾರದ್ದೊಂದು ಯೋಜನೆ ಇದೆ. ಹೊಸ ಕೆಲಸ ಕಲಿಯೋಕೆ ಕಾಲೇಜಿನ ಫೀಸ್ ಕಟ್ಟುತ್ತಾರೆ, ಕಲಿಯೋವರೆಗೆ ಹೊಟ್ಟೆಗೆ ವಾರದ ಭತ್ಯೆ ಕೊಡುತ್ತಾರೆ. ಆದರೆ ತಾನಾಗಿ ಬರೋದಿಲ್ಲ. ಮೂರು ಜನ ಕೆಲಸಗಾರರು ರುಜು ಹಾಕಿ ಅರ್ಜಿ ಕೊಡಬೇಕು. ಲುದಿವೀನ್ ಅದನ್ನ ಲೈಬ್ರರಿಯಲ್ಲಿ ಓದಿ ತಿಳಕೊಂಡು ನನ್ನ ಅಡುಗೆಮನೆಗೆ ಬಂದು ಕೂತಳು.

"ರುಜು ಹಾಕು."

"ನಾನು ಭಿಕ್ಷೆ ಎತ್ತೋಳಲ್ಲ. ನಮ್ಮ ವಂಶದಲ್ಲೇ ಸರ್ಕಾರದ ಕಾಸು ಮುಟ್ಟಿದೋರಿಲ್ಲ."

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಲವತ್ತು ವರ್ಷ ತೆರಿಗೆ ಕಟ್ಟಿದ್ದೀಯ. ಅದನ್ನ ಭಿಕ್ಷೆ ಅಂತ ಕಟ್ಟಿದೆಯಾ? ಹಾಕೇ, ಕಾಫಿ ಆರಿಹೋಗ್ತಿದೆ."

ಹಾಕಿದೆ. ಮೂರನೆಯ ರುಜು ರೋಲಾಂಡ್ ಮಿಶೋದು. ರೋಲಾಂಡ್ ನಮ್ಮ ಎದುರು ಸಾಲಿನವಳು, ಹದಿನೇಳನೇ ನಂಬರ್. ವರ್ಷದ ಮೊದಲಲ್ಲಿ ಅವಳಿಗೆ ಸ್ತನದ ಕ್ಯಾನ್ಸರ್ ಆಗಿ ಬದುಕಿ ಬಂದಿದ್ದಳು, ಔಷಧಿ ಮಾತ್ರ ಇನ್ನೂ ನಡೀತಿತ್ತು. ಅರ್ಜಿ ಹೋಯಿತು. ಬಂದು ಕೆಲಸ ಕಲಿತುಹೋದ ಆರು ಹೆಂಗಸರ ವಿಷಯವನ್ನೂ ಲುದಿವೀನ್ ಅದರಲ್ಲಿ ತಾರೀಖು ಸಮೇತ ಬರೆದಿದ್ದಳು. ಜನವರಿಯಲ್ಲಿ ಮಂಜೂರಾಯಿತು. ಭಿಕ್ಷೆ ಬೇಡ ಅಂದಿದ್ದವರು, ಅನ್ನದವರು, ನೂರಾ ಹನ್ನೊಂದು ಜನವೂ ಮರುದಿನ ಬೆಳಗ್ಗೆ ಕಚೇರಿಯ ಮುಂದೆ ಸಾಲು ನಿಂತಿದ್ದೆವು. ನನ್ನನ್ನೂ ಸೇರಿಸಿ, ನಾಚಿಕೆ ಇಲ್ಲದೆ.

ಕಿಟಕಿಯ ಹಿಂದಿದ್ದ ಹೆಂಗಸು ಲುದಿವೀನಳನ್ನ ಕೇಳಿದಳು, "ಯಾವ ತರಬೇತಿ ಬೇಕು? ಹೆಚ್ಚಿನ ಹೆಂಗಸರು ಆಸ್ಪತ್ರೆ ಸಹಾಯಕಿ ಕೆಲಸ ಕೇಳ್ತಿದ್ದಾರೆ."

"ಮನೆ ಬಿಸಿ ಮಾಡೋ ಯಂತ್ರದ ರಿಪೇರಿ. ಎರಡು ವರ್ಷದ್ದು."

ಆ ಹೆಂಗಸು ಕನ್ನಡಕ ತೆಗೆದು ನೋಡಿದಳು. "ನಿಮಗೆ ಐವತ್ತಮೂರು ವರ್ಷ, ಅಮ್ಮ."

"ಯಂತ್ರ ವಯಸ್ಸು ಕೇಳಲ್ಲ. ಶೂ ಎಲ್ಲಿ ಬೇಕಾದರೂ ಹೊಲಿಸಬಹುದು ಅಂತ ಕಂಡುಕೊಂಡರು. ಈ ಊರಿನ ಚಳಿಯನ್ನ ಯಾವ ದೇಶಕ್ಕೆ ಸಾಗಿಸ್ತಾರೆ ನೋಡ್ತೀನಿ. ನೆಲಮಾಳಿಗೆ ಇಲ್ಲೇ ಇರಬೇಕು, ರಿಪೇರಿಯವಳೂ ಇಲ್ಲೇ ಇರಬೇಕು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ಇಷ್ಟು ವರ್ಷದಲ್ಲಿ ಅವಳು ತನಗೆ ಅಂತ ಏನನ್ನಾದರೂ ಕೇಳಿದ್ದು ನಾನು ನೋಡಿದ್ದು ಅವತ್ತೇ.

ಮೂರು ವಾರಕ್ಕೆ ಉತ್ತರ ಬಂತು. ಫೀಸ್ ಕೊಡುತ್ತೇವೆ, ವಾರದ ಭತ್ಯೆ ಕೊಡೋದಿಲ್ಲ. ಭತ್ಯೆ ಬೇಕಾದರೆ ಕೊನೆಯ ವರ್ಷದಲ್ಲಿ ಇಪ್ಪತ್ತಾರು ವಾರ ಕೆಲಸ ಮಾಡಿರಬೇಕು. ಲುದಿವೀನಳದ್ದು ಇಪ್ಪತ್ತನಾಲ್ಕೇ. ಎರಡು ವಾರ ಕಡಿಮೆ.

ಓದಿದ ತಕ್ಷಣ ಕಾಗದ ಮಗುಚಿ ಮೇಜಿನ ಮೇಲಿಟ್ಟೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು.

ಹೊಲಿದ ಪ್ರತಿ ಶೂ ಒಳಗೂ ಹೊಲಿದವಳ ನಂಬರು ಹಾಕಬೇಕು. ನಂಬರಿದ್ದರೇ ಕೂಲಿ, ನಂಬರಿದ್ದರೇ ಹಾಜರಿ. ಯಾರಾದರೂ ಕಾಯಿಲೆ ಬಿದ್ದರೆ, ಮಗು ಕಳಕೊಂಡರೆ, ನಾವು ಅವರ ಬೆಂಚು ತುಂಬುತ್ತಿದ್ದೆವು. ದಿನಕ್ಕೊಬ್ಬಳು ಹೋಗಿ ಆ ಬೆಂಚಿನಲ್ಲಿ ಕೂತು, ಅವಳ ನಂಬರು ಹಾಕಿ ಹೊಲಿಯೋದು. ಮೇಸ್ತ್ರಿ ಗಾಸ್ಪಾರ್ ಕಿಟಕಿ ಕಡೆ ಮುಖ ಮಾಡಿಕೊಂಡು ನಿಲ್ಲೋನು. ನಮ್ಮ ಅಜ್ಜಿಯರ ಕಾಲದಿಂದ ಹೀಗೇ. ಕಾನೂನಿನ ಪ್ರಕಾರ ಸುಳ್ಳು, ನಮ್ಮ ಪ್ರಕಾರ ನೆರೆಹೊರೆ. ರೆನಾಲ್ಡ್ ಸತ್ತಾಗ ಲುದಿವೀನಳ ಬೆಂಚನ್ನ ಹನ್ನೊಂದು ದಿನ ನಾವು ತುಂಬಿದ್ದೆವು.

ರೋಲಾಂಡ್‌ಗೆ ಕಾಯಿಲೆ ಬಂದಾಗ ಏಳು ವಾರ ಬೇಕಾಯಿತು. ವಾರ ತಪ್ಪಿದರೆ ಅವಳ ವಿಮೆ ನಿಲ್ಲುತ್ತಿತ್ತು, ವಿಮೆ ನಿಂತರೆ ಔಷಧಿ ನಿಲ್ಲುತ್ತಿತ್ತು. ಗಾಸ್ಪಾರ್ ಗೋಡೆಗೆ ಒಂದು ಹಾಳೆ ಅಂಟಿಸಿ, ಸರದಿ ಬರಕೊಳ್ಳಿ ಅಂದ. ಆದರೆ ಆ ವರ್ಷ ಕೆಲಸವೇ ಕಡಿಮೆ. ಇಡೀ ವರ್ಷದಲ್ಲಿ ಫ್ಯಾಕ್ಟರಿ ನಡೆದದ್ದು ಮೂವತ್ತೊಂದು ವಾರ. ಪ್ರತಿಯೊಬ್ಬಳಿಗೂ ತಾನು ಹೊಲಿದ ಜೋಡಿಯ ಕೂಲಿ ತನಗೇ ಬೇಕಿತ್ತು. ನಾನು ಬೆಳಗ್ಗೆ ಹಾಳೆಯಲ್ಲಿ ನನ್ನ ಹೆಸರು ಬರೆದೆ. ಮನೆಯ ಮಾಡು ಸೋರುತ್ತಿತ್ತು, ಹೊಸದು ಹಾಕಿಸೋಕೆ ಕಾಸು ಬೇಕಿತ್ತು; ಊಟದ ಹೊತ್ತಿಗೆ ಹೋಗಿ ಆ ಹೆಸರು ಹೊಡೆದುಹಾಕಿದೆ. ಮಿಕ್ಕವರು ಬರೆಯಲೇ ಇಲ್ಲ. ಲುದಿವೀನ್ ತನ್ನ ದಬ್ಬಣ, ಮೇಣ, ಟೇಪು ಎತ್ತಿಕೊಂಡು ಎದುರು ಸಾಲಿಗೆ ಹೋಗಿ ಕೂತಳು. ಏಳು ವಾರ. ಏಳು ವಾರ ಅವಳ ಸ್ವಂತ ನಂಬರಿನ ಒಂದು ಶೂ ಕೂಡ ಇಲ್ಲ. ಮೂವತ್ತೊಂದರಲ್ಲಿ ಏಳು ಹೋದರೆ ಇಪ್ಪತ್ತನಾಲ್ಕು.

ನಾನು ಎರಡು ವಾರ ಕೂತಿದ್ದರೆ ಅವಳಿಗೆ ಇಪ್ಪತ್ತಾರು ಆಗುತ್ತಿತ್ತು. ನನಗೆ ಇಪ್ಪತ್ತೊಂಬತ್ತು ಉಳಿಯುತ್ತಿತ್ತು.

"ಮೇಲ್ಮನವಿ ಹಾಕ್ತೀನಿ" ಅಂದಳು ಲುದಿವೀನ್. ಅವಳ ಮಾತಿನಲ್ಲಿ ಅಳು ಇರಲಿಲ್ಲ. "ಭತ್ಯೆ ಇಲ್ಲದೆ ಎರಡು ವರ್ಷ ನಾನು ಏನು ತಿನ್ನಲಿ? ಆಗಸ್ಟ್ ಕೊನೆಗೆ ಸೀಟು ಇಟ್ಟಿದ್ದಾರೆ. ಬಿಡೋದಿಲ್ಲ."

"ಬೆಂಚು ತುಂಬಿದ್ದು ಹೇಳ್ತೀಯಾ?"

"ಇಲ್ಲ."

"ಮತ್ತೇನು ಹೇಳ್ತೀಯ, ಚಳಿಗಾಲ ಅಂತ ಕರಡಿ ಹಾಗೆ ಮಲಗಿದ್ದೆ ಅಂತಲಾ?"

"ಹೇಳಿದರೆ ವಿಮೆಯವರು ರೋಲಾಂಡ್ ಕೊರಳು ಹಿಡೀತಾರೆ. ಅವಳಿಗೆ ಈಗ ತಾನೇ ಕೂದಲು ಬರ್ತಿದೆ. ಬೇರೆ ದಾರಿ ಹುಡುಕ್ತೀನಿ. ನೋಡು ಒಡೆಟ್, ಈ ವಿಷಯ ರೋಲಾಂಡ್ ಕಿವಿಗೆ ಬಿದ್ದರೆ ನಿನ್ನ ಮುಖ ನೋಡಲ್ಲ. ಮಾತು ಕೊಡು."

ಕೊಟ್ಟೆ.

ಬೇರೆ ದಾರಿ ಎಲ್ಲಿತ್ತು? ಅವಳು ಗಾಸ್ಪಾರ್ ಮನೆಗೆ ನಾಲ್ಕು ಸಲ ಹೋದಳು. ಹಾಜರಿಗೆ ರುಜು ಹಾಕಿದವನು ಅವನು. "ನನ್ನ ಪಿಂಚಣಿ ಹೋಗುತ್ತೆ ಲುದಿವೀನ್, ನನ್ನ ಬಿಟ್ಟುಬಿಡು ತಾಯಿ" ಅಂತ ಬಾಗಿಲ ಸಂದಿಯಿಂದಲೇ ಹೇಳಿ ಕಳಿಸಿದ. ರಾಜ್ಯದ ಕಚೇರಿಗೆ ಹೋದಳು, ಜನಪ್ರತಿನಿಧಿಗೆ ಪತ್ರ ಬರೆದಳು, ಲೈಬ್ರರಿಯಲ್ಲಿ ಕಾನೂನಿನ ಪುಸ್ತಕ ಇಟ್ಟುಕೊಂಡು ಅಕ್ಷರ ಅಕ್ಷರ ಓದಿದಳು. ಆ ಪುಸ್ತಕದ ಭಾಷೆ ವಕೀಲರಿಗೇ ಅರ್ಥವಾಗಲ್ಲ, ಇವಳು ಒಂಬತ್ತನೇ ಕ್ಲಾಸಿನವಳು ಹಟ ಹಿಡಿದು ಕೂತಳು. ನಾನು ಅವಳನ್ನ ನೋಡೋದು, ಮನೆಗೆ ಬಂದು ಪಾತ್ರೆ ಕುಕ್ಕೋದು. ಹೊಸ ಮಾಡಿನ ಕೆಳಗೆ ನನಗೆ ನಿದ್ದೆ ಬರಲಿಲ್ಲ ಅಂದರೆ ಸುಳ್ಳಾಗುತ್ತೆ, ನಿದ್ದೆ ಬರುತ್ತಿತ್ತು. ಎದ್ದಾಗ ಮೈ ಉರಿಯುತ್ತಿತ್ತು.

ವಿಚಾರಣೆಗೆ ಐದು ದಿನ ಇತ್ತು. ಶನಿವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಎಂದಿನಂತೆ ಬೇಯಿಸಿದ ಬೀನ್ಸ್ ಕಾಳಿನ ಊಟ. ರೋಲಾಂಡ್ ನನ್ನ ಎದುರಿಗೆ ಬಂದು ಕೂತಳು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ತಟ್ಟೆ ತುಂಬ ಬಡಿಸಿಕೊಂಡು.

"ಲುದಿವೀನ್ ಯಾಕೆ ಬಂದಿಲ್ಲ? ಅವಳ ಸೀಟು ಆಯಿತಾ?"

ಮಾತು ಕೊಟ್ಟಿದ್ದೆ. ಮುರಿದೆ. ಎಲ್ಲಾ ಹೇಳಿದೆ, ಗೋಡೆಯ ಹಾಳೆಯದು ಒಂದು ಬಿಟ್ಟು.

ರೋಲಾಂಡ್ ಚಮಚ ಕೆಳಗಿಡಲಿಲ್ಲ. ಬೀನ್ಸ್ ತಿಂದು ಮುಗಿಸಿದಳು, ಬ್ರೆಡ್ಡಿನ ತುಂಡಿನಲ್ಲಿ ತಟ್ಟೆ ಒರೆಸಿದಳು. "ವಿಚಾರಣೆ ಯಾವತ್ತು?" ಅಂದಳು.

"ಗುರುವಾರ, ಹತ್ತು ಗಂಟೆ. ವಿಮೆಯವರು..."

"ಗುರುವಾರ ಅಲ್ಲವಾ. ಸರಿ. ಪೈ ತರ್ತೀನಿ, ನಿನಗೂ ಬೇಕಾ?"

ಗುರುವಾರ ಒಂದು ಚಿಕ್ಕ ಕೋಣೆ, ಉದ್ದ ಮೇಜು, ಮೇಜಿನ ಮೇಲೆ ಟೇಪ್ ರೆಕಾರ್ಡರ್. ವಿಚಾರಣಾಧಿಕಾರಿ ಮೂವತ್ತು ವರ್ಷದವನಿರಬೇಕು, ಕೆಟ್ಟವನಲ್ಲ, ಕಾಗದ ಬಿಟ್ಟು ಬೇರೇನೂ ಗೊತ್ತಿಲ್ಲದವನು. ಹಿಂದಿನ ಕುರ್ಚಿಗಳಲ್ಲಿ ನಮ್ಮ ಸಾಲಿನ ಐದಾರು ಹೆಂಗಸರು ಧೈರ್ಯ ಹೇಳೋಕೆ ಬಂದು ಕೂತಿದ್ದರು. ಲುದಿವೀನ್ ಚರ್ಚಿಗೆ ಹೋಗೋ ಕೋಟು ಹಾಕಿಕೊಂಡಿದ್ದಳು.

"ಈ ಏಳು ವಾರ ನೀವು ಎಲ್ಲಿದ್ದಿರಿ, ತೆರಿಯೋ ಅವರೇ?"

"ಫ್ಯಾಕ್ಟರಿಯಲ್ಲಿದ್ದೆ. ಕೆಲಸ ಮಾಡ್ತಿದ್ದೆ."

"ನಿಮ್ಮ ನಂಬರಿನಲ್ಲಿ ಒಂದು ಜೊತೆಯೂ ಇಲ್ಲವಲ್ಲ?"

"ಇಲ್ಲ."

"ಯಾಕೆ?"

ಅವಳು ಬಾಯಿ ಬಿಡಲಿಲ್ಲ. ಅವನು ಮತ್ತೆ ಕೇಳಿದ. ಅವಳು ತನ್ನ ಕೈ ನೋಡಿಕೊಂಡಳು. ಎರಡು ತಿಂಗಳು ಹೋರಾಡಿ ಬಂದವಳು ಅಲ್ಲಿ ಬಂದು ಕಲ್ಲಾಗಿ ಕೂತಳು. ಎರಡು ವರ್ಷದ ಕಾಲೇಜು ಅವಳ ಕಣ್ಣ ಮುಂದೆಯೇ ಹೋಗುತ್ತಿತ್ತು, ಅದು ಅವಳಿಗೆ ಗೊತ್ತಿತ್ತು.

ಆಗ ಬಾಗಿಲು ತೆರೆದು ರೋಲಾಂಡ್ ಬಂದಳು. ಸ್ಕಾರ್ಫ್ ಇಲ್ಲ, ತಲೆಯ ಮೇಲೆ ಮರಿಹಕ್ಕಿಯ ಹಾಗೆ ನಾಲ್ಕು ಕೂದಲು. ಕೈಯಲ್ಲಿ ಆಸ್ಪತ್ರೆಯ ಕಾಗದ.

"ನಾನು ರೋಲಾಂಡ್ ಮಿಶೋ, ಹದಿನೇಳನೇ ನಂಬರು. ಆ ಏಳು ವಾರ ಹದಿನೇಳು ಅಂತ ಬರೆದು ಹೊಲಿದ ಒಂದು ಶೂ ಕೂಡ ನನ್ನದಲ್ಲ ಸಾರ್. ನಾನು ಪೋರ್ಟ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಬಕೆಟ್ ತಬ್ಬಿಕೊಂಡು ಕೂತಿದ್ದೆ. ತಾರೀಖು ಇದರಲ್ಲಿದೆ."

ಲುದಿವೀನ್ ಎದ್ದೇಬಿಟ್ಟಳು. "ರೋಲಾಂಡ್, ಮನೆಗೆ ಹೋಗು."

"ನೀನು ಕೂತ್ಕೋ."

ಅಧಿಕಾರಿ ಕೈ ಎತ್ತಿದ. "ನೀವು ಹೇಳ್ತಿರೋದು ನಿಮ್ಮ ಮೇಲೇ ಬರಬಹುದು ಅಂತ ಗೊತ್ತಾ ಅಮ್ಮ? ಇದೆಲ್ಲ ದಾಖಲಾಗ್ತಿದೆ."

"ಬರಲಿ ಬಿಡಿ. ಹೋಗೋ ಪ್ರಾಣವೇ ಹೋಗಲಿಲ್ಲ, ಇನ್ನೇನು ಬರುತ್ತೆ?"

ಅವನು ಕಾಗದ ಓದಿದ, ಹಣೆ ಉಜ್ಜಿಕೊಂಡ. "ನೀವು ಹೊಲಿದಿಲ್ಲ ಅನ್ನೋದಕ್ಕೆ ಇದು ಸಾಕ್ಷಿ. ಇವರು ಹೊಲಿದರು ಅನ್ನೋದಕ್ಕೆ ಅಲ್ಲ. ಯಾರು ಬೇಕಾದರೂ ಹೊಲಿದಿರಬಹುದು. ನೋಡಿದವರು ಯಾರಾದರೂ ಪ್ರಮಾಣ ಮಾಡಿ ಹೇಳ್ತೀರಾ?"

ಹಿಂದಿನ ಕುರ್ಚಿಗಳು ಕಿರುಗುಟ್ಟಿದವು. ಯಾರೂ ಏಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನೋ ಹಾಗೆ ಒಬ್ಬೊಬ್ಬಳೂ ತನ್ನ ಮಡಿಲು ನೋಡಿಕೊಂಡಳು. ನೋಡಿದೆ ಅಂದರೆ, ನೋಡುತ್ತಾ ನೀನೇನು ಮಾಡುತ್ತಿದ್ದೆ ಅನ್ನೋ ಪ್ರಶ್ನೆ ಬರುತ್ತೆ.

ನಾನು ಎದ್ದೆ. ಬೈಬಲ್ ಮೇಲೆ ಕೈ ಇಟ್ಟೆ.

"ಆ ಏಳು ವಾರ ಅವಳು ಎದುರು ಸಾಲಿನಲ್ಲಿ ರೋಲಾಂಡ್ ಬೆಂಚಿನಲ್ಲಿ ಕೂತು ಹೊಲಿದಳು. ನನ್ನ ಎಡಗಡೆ ಬೆಂಚು ಖಾಲಿ ಇತ್ತು."

"ವರ್ಷ ಕಳೆದಿದೆ. ಏಳೇ ವಾರ, ಎಂಟಲ್ಲ, ಆರಲ್ಲ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

ಅವನಿಗೆ ಏನಾದರೂ ಒಂದು ಹೇಳಿ ಮುಗಿಸಬಹುದಿತ್ತು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ ಅನ್ನಬಹುದಿತ್ತು.

"ದಿನಾ ಎಣಿಸ್ತಿದ್ದೆ ಸಾರ್. ಯಾವಾಗ ಮುಗಿಯುತ್ತೋ ಅಂತ. ಅದು ನಾವೆಲ್ಲ ಸರದಿ ಮೇಲೆ ಮಾಡಬೇಕಾದ ಕೆಲಸ. ಗೋಡೆಗೆ ಹಾಳೆ ಹಾಕಿದ್ದರು. ನಾನು ಹೆಸರು ಬರೆದೆ, ಆಮೇಲೆ ಹೊಡೆದುಹಾಕಿದೆ. ನನಗೆ ಮಾಡು ಹಾಕಿಸಬೇಕಿತ್ತು. ನಾವು ಯಾರೂ ಹೋಗಲಿಲ್ಲ ಅಂತ ಅವಳೊಬ್ಬಳೇ ಹೋದಳು. ನಾನು ಎರಡು ವಾರ ಹೋಗಿದ್ದರೆ ಅವಳು ಇವತ್ತು ನಿಮ್ಮ ಮುಂದೆ ಕೂರಬೇಕಾಗಿರಲಿಲ್ಲ. ಅವಳಿಗೆ ಕಡಿಮೆ ಬಿದ್ದಿರೋ ಎರಡು ವಾರ ನಾನು ತಿಂದದ್ದು. ಅದಕ್ಕೇ ಖಚಿತವಾಗಿ ಗೊತ್ತು."

ಲುದಿವೀನ್ ಕಡೆ ನೋಡೋ ಧೈರ್ಯ ಬರಲಿಲ್ಲ. ಹಿಂದಿನಿಂದ ಒಬ್ಬಳು, "ನಾನೂ ನೋಡಿದ್ದೀನಿ, ಬರಕೊಳ್ಳಿ" ಅಂದಳು. ಆಮೇಲೆ ಇನ್ನೊಬ್ಬಳು. ಅಧಿಕಾರಿ ಒಬ್ಬೊಬ್ಬರ ಹೆಸರೂ ಕೇಳಿ ಬರಕೊಂಡ. ಪಾಪ, ನಮ್ಮ ಫ್ರೆಂಚ್ ಹೆಸರುಗಳ ಅಕ್ಷರ ಕೇಳೋದರಲ್ಲೇ ಅವನಿಗೆ ಅರ್ಧ ಗಂಟೆ ಹಿಡಿಯಿತು.

ಹೊರಗೆ ಬಂದಾಗ ಲುದಿವೀನ್ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ರೋಲಾಂಡ್‌ಳನ್ನ ತನ್ನ ಕಾರಿಗೆ ಹತ್ತಿಸಿಕೊಂಡು ಹೋದಳು. ನಾಲ್ಕು ತಿಂಗಳು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಮೇ ತಿಂಗಳಲ್ಲಿ ತೀರ್ಪು ಬಂತು ಅಂತ ರೋಲಾಂಡ್ ಹೇಳಿ ನನಗೆ ಗೊತ್ತಾಯಿತು. ಮೂವತ್ತೊಂದು ವಾರ ಅಂತ ಒಪ್ಪಿದ್ದರು, ಭತ್ಯೆ ಮಂಜೂರು. ವಿಮೆಯ ಕಡೆಯಿಂದ ರೋಲಾಂಡ್‌ಗೆ ಪತ್ರ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ನಾವೂ ಹೋಗಿ ಕೇಳಲಿಲ್ಲ.

ನಾನು ಆ ಹೊತ್ತಿಗೆ ನಮ್ಮೂರಲ್ಲೇ ಸಂಜೆ ಹೊತ್ತು ಆಸ್ಪತ್ರೆ ಸಹಾಯಕಿ ತರಬೇತಿಗೆ ಸೇರಿದ್ದೆ. ಆಗಸ್ಟ್ ಕೊನೆಯ ಭಾನುವಾರ ಬಾಗಿಲು ತಟ್ಟಿದ ಸದ್ದು. ಲುದಿವೀನ್ ಮೆಟ್ಟಿಲ ಮೇಲೆ ನಿಂತಿದ್ದಳು, ಒಳಗೆ ಬರಲಿಲ್ಲ.

"ನನ್ನ ಕಾರು ತಪಾಸಣೆಯಲ್ಲಿ ಫೇಲಾಯಿತು. ಹಿಮ ಕರಗೋಕೆ ರಸ್ತೆಗೆ ಸುರಿಯೋ ಉಪ್ಪು ತಿಂದು ತಳವೇ ಹೋಗಿದೆ. ನಾಳೆ ಕಾಲೇಜು ಶುರು. ಮೂವತ್ತೆರಡು ಮೈಲಿ."

"ನಾನು ಬಿಡ್ತೀನಿ."

"ಬರೀ ನಾಳೆ ಅಲ್ಲ."

"ಗೊತ್ತು."

ಅವಳು ಹೋಗಲಿಲ್ಲ. "ನೀನು ಹೆಸರು ಹೊಡೆದುಹಾಕಿದ್ದು ನನಗೆ ಅವತ್ತೇ ಗೊತ್ತಿತ್ತು. ಪೆನ್ಸಿಲ್ಲಿನಲ್ಲಿ ಹೊಡೆದಿದ್ದೆ, ಓದೋಕೆ ಆಗ್ತಿತ್ತು. ನನಗೆ ಸಿಟ್ಟು ಅದಕ್ಕಲ್ಲ. ರೋಲಾಂಡ್‌ಗೆ ಹೇಳಬೇಡ ಅಂದಿದ್ದೆ, ಹೇಳಿದೆ. ಆ ಸಿಟ್ಟು ಇನ್ನೂ ಇದೆ, ಇನ್ನೂ ಸ್ವಲ್ಪ ಕಾಲ ಇರುತ್ತೆ. ಅದಕ್ಕೂ ಕಾರಿಗೂ ಸಂಬಂಧ ಇಲ್ಲ. ಆರಕ್ಕೆ ಸರಿಯಾಗಿ ಬಾ."

ಮೊದಲ ದಿನ ದಾರಿಯುದ್ದಕ್ಕೂ ಅವಳು ಕಿಟಕಿ ಕಡೆಗೇ ಮುಖ ಮಾಡಿಕೊಂಡು ಕೂತಿದ್ದಳು. ಕಾಲೇಜಿನ ಮುಂದೆ ಹತ್ತೊಂಬತ್ತು ವರ್ಷದ ಹುಡುಗರು ಸಿಗರೇಟು ಸೇದುತ್ತಾ ನಿಂತಿದ್ದರು. ನಮ್ಮನ್ನ ನೋಡಿ ಯಾರದೋ ಅಜ್ಜಿ ಊಟದ ಡಬ್ಬಿ ಕೊಡೋಕೆ ಬಂದಿದ್ದಾಳೆ ಅಂದುಕೊಂಡಿರಬೇಕು. ಲುದಿವೀನ್ ಹೊಸ ಉಪಕರಣದ ಚೀಲ ಹೆಗಲಿಗೇರಿಸಿ ಇಳಿದಳು. ಬಾಗಿಲು ಹಾಕೋ ಮುಂಚೆ ಬಗ್ಗಿ ನನ್ನ ಮುಖ ನೋಡಿದಳು, ವಿಚಾರಣೆಯ ದಿನದಿಂದ ಮೊದಲನೇ ಸಲ.

"ಮೂರೂವರೆಗೆ ಬಿಡ್ತಾರೆ. ತಡ ಮಾಡಬೇಡ."

ಹುಡುಗರ ನಡುವಿನಿಂದ ದಾರಿ ಮಾಡಿಕೊಂಡು ನೆಟ್ಟಗೆ ಒಳಗೆ ಹೋದಳು. ನಾನು ಮೂರಕ್ಕೇ ಹೋಗಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದೆ. ಎರಡು ವರ್ಷದಲ್ಲಿ ಒಂದು ದಿನವೂ ಅವಳು ನನಗಾಗಿ ಕಾಯಲಿಲ್ಲ.